ಒಂಟಿ ಮರ, ಒಂಟಿ ಹಕ್ಕಿ, ನೆಲದ ಮೇಲಿನ ಬಾಚಣಿಗೆ: ಐರ್ಲೆಂಡಿನ ಶಕುನಗಳ ಹಿಂದಿನ ಲೆಕ್ಕ

1999ರಲ್ಲಿ ಐರ್ಲೆಂಡಿನ ಪಶ್ಚಿಮಕ್ಕಿರೋ ಕ್ಲೇರ್ ಕೌಂಟಿಯಲ್ಲಿ ದೊಡ್ಡ ರೋಡ್ ಕೆಲಸ ನಡೀತಿತ್ತು. ಲಟೂನ್ ಅನ್ನೋ ಜಾಗದಲ್ಲಿ ರೋಡು ಹಾದುಹೋಗೋ ಕಡೆ ಒಂದು ಹಾಥಾರ್ನ್ ಗಿಡ ಅಡ್ಡ ಬಂತು. ಹಾಥಾರ್ನ್ ಅಂದ್ರೆ ಮುಳ್ಳಿನ ಕುಳ್ಳ ಮರ, ಮೇ ತಿಂಗಳಲ್ಲಿ ಮೈತುಂಬ ಬಿಳಿ ಹೂ ಬಿಡತ್ತೆ. ಎಡ್ಡಿ ಲೆನಿಹಾನ್ ಅನ್ನೋ ಹೆಸರಾಂತ ಕಥೆಗಾರರು ಪೇಪರಿಗೆ ಪತ್ರ ಬರೆದು, ಇದು ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕಾನಕ್ಟ್ ಪ್ರಾಂತ್ಯದ ಫೇರಿಗಳ ಮೇಲೆ ಯುದ್ಧಕ್ಕೆ ಹೋಗುವಾಗ ಬಂದು ಸೇರೋ ಜಾಗ, ಇದನ್ನ ಕಡಿದ್ರೆ ಮುಂದೆ ಆ ರೋಡಲ್ಲಿ ಆಕ್ಸಿಡೆಂಟ್ ಆಗ್ತಾವೆ ಅಂತ ಎಚ್ಚರಿಸಿದ್ರು. ಸುದ್ದಿ ದೇಶ ದಾಟಿ ಹೋಯ್ತು, ಇಂಜಿನಿಯರ್‌ಗಳು ಗಿಡ ಉಳಿಸಿಕೊಂಡೇ ರೋಡ್ ಮಾಡಿದ್ರು. 2002ರಲ್ಲಿ ಯಾರೋ ರಾತ್ರೋರಾತ್ರಿ ಗರಗಸ ತಂದು ಕೊಂಬೆಯೆಲ್ಲ ಕತ್ತರಿಸಿ ಬೋಳು ಮಾಡಿ ಹೋದ್ರು, ಆದ್ರೂ ಅದು ಮತ್ತೆ ಚಿಗುರಿತು.

ಈಗ ಬೆಂಗಳೂರು ಮೈಸೂರಿಂದ ಎಷ್ಟೋ ಜನ ಐಟಿ ಕೆಲಸಕ್ಕೆ, ಆಸ್ಪತ್ರೆ ಕೆಲಸಕ್ಕೆ, ಓದೋಕೆ ಅಂತ ಡಬ್ಲಿನ್ನು, ಕಾರ್ಕು, ಗಾಲ್ವೇಗೆ ಹೋಗ್ತಿದ್ದಾರೆ. ಅಲ್ಲಿ ಆಫೀಸಲ್ಲಿ ಚೆನ್ನಾಗಿ ಓದಿರೋ ಕಲೀಗು ಕಾರ್ ಓಡಿಸ್ತಾ ಒಂದು ಹಕ್ಕಿಗೆ ಸಲ್ಯೂಟ್ ಹೊಡೀತಾರೆ, ಬಾಡಿಗೆ ಮನೆ ಓನರ್ ಹಿತ್ತಲಿನ ಒಂದು ಗಿಡ ಮುಟ್ಟಬೇಡಿ ಅಂತಾರೆ, ಯಾಕೆ ಅಂತ ಕೇಳಿದ್ರೆ ನಕ್ಕು ಸುಮ್ನಾಗ್ತಾರೆ. ಹೊಸಬರಿಗೆ ಇದು ಒಂದಕ್ಕೊಂದು ಸಂಬಂಧ ಇಲ್ಲದ ಮೂಢನಂಬಿಕೆಗಳ ರಾಶಿ ಥರ ಕಾಣತ್ತೆ. ಆದ್ರೆ ಇದರ ಕೆಳಗೆ ಒಂದು ಲೆಕ್ಕ ಇದೆ, ಅದು ಹಿಡಿಸಿದ್ರೆ ಒಂದೊಂದೇ ಅರ್ಥ ಆಗ್ತಾ ಹೋಗತ್ತೆ.

ಫೇರಿ ಅಂದ್ರೆ ರೆಕ್ಕೆ ಇರೋ ಪುಟಾಣಿ ಅಲ್ಲ

ಮೊದ್ಲು ಕಾರ್ಟೂನಲ್ಲಿ ನೋಡಿರೋ ಫೇರಿನ ಮರ್ತುಬಿಡಿ. ಐರ್ಲೆಂಡಿನ ಹಳ್ಳಿ ನಂಬಿಕೆಯಲ್ಲಿ ಫೇರಿಗಳು ಹೆಚ್ಚುಕಮ್ಮಿ ಮನುಷ್ಯರ ಥರಾನೇ ಇರ್ತಾರೆ, ಅವರಿಗೂ ಮನೆ ಇದೆ, ದನ ಇದೆ, ಮದುವೆ, ಜಗಳ, ಆಟ, ಸಂಗೀತ ಎಲ್ಲ ಇದೆ, ಆದ್ರೆ ನಮ್ ಕಣ್ಣಿಗೆ ಬೀಳಲ್ಲ, ನೆಲದ ಕೆಳಗೆ ವಾಸ. ಇವರು ಯಾರು ಅನ್ನೋದಕ್ಕೆ ಎರಡು ಉತ್ತರ ಇದಾವೆ. ಹಳೇ ಪುರಾಣದ ಪ್ರಕಾರ ಟುವಾಹ ಡೇ ಡನಾನ್ ಅನ್ನೋ ದೈವೀ ಕುಲದವರು ಸೋತು ನೆಲದೊಳಗೆ ಹೋದ್ರು, ಅವರೇ ಇವರು. ಕ್ರೈಸ್ತ ಧರ್ಮ ಬಂದ್ಮೇಲೆ ಹುಟ್ಟಿದ ಕಥೆ ಪ್ರಕಾರ ಇವರು ಸ್ವರ್ಗದಿಂದ ಬಿದ್ದ ದೇವದೂತರು, ಸ್ವರ್ಗಕ್ಕೆ ಬೇಕಾದಷ್ಟು ಒಳ್ಳೆಯವರಲ್ಲ, ನರಕಕ್ಕೆ ಬೇಕಾದಷ್ಟು ಕೆಟ್ಟವರೂ ಅಲ್ಲ. ಹಾಗಾಗಿ ಅವರು ಯಾವಾಗ ಒಲೀತಾರೆ ಯಾವಾಗ ಮುನೀತಾರೆ ಹೇಳೋಕಾಗಲ್ಲ. ಹಳಬರು ಫೇರಿ ಅನ್ನೋ ಹೆಸರನ್ನೇ ಬಾಯಿಬಿಟ್ಟು ಹೇಳ್ತಿರ್ಲಿಲ್ಲ, 'ಒಳ್ಳೇ ಜನ' ಅಂತಷ್ಟೇ ಅಂತಿದ್ರು, ಕೇಳಿಸ್ಕೊಂಡ್ರೆ ಬೇಜಾರಾಗಬಾರದಲ್ಲ.

ಇಲ್ಲಿ ಹಿಡಿಬೇಕಾದ ವಿಷಯ ಇದು. ಪಕ್ಕದ್ಮನೇಲಿ ಸ್ವಲ್ಪ ಸಿಡುಕಿನ, ಬಲ ಇರೋ ಸಂಸಾರ ಇದೆ ಅಂದ್ಕೊಳ್ಳಿ, ಮಧ್ಯೆ ಕಾಂಪೌಂಡ್ ಇಲ್ಲ, ಅವರು ಕಾಣಿಸೋದೂ ಇಲ್ಲ. ಆಗ ನೀರು ಚೆಲ್ಲುವಾಗ, ಮನೆ ಕಟ್ಟುವಾಗ, ದನ ಮೇಯಿಸುವಾಗ ಎಲ್ಲದಕ್ಕೂ ಎಚ್ಚರ ಬೇಕಾಗತ್ತೆ. ಐರಿಶ್ ನಂಬಿಕೆಗಳಲ್ಲಿ ಒಂದು ದೊಡ್ಡ ಪಾಲು ಈ ನೆರೆಹೊರೆಯ ಮರ್ಯಾದೆ ನಿಯಮಗಳೇ. ಉಳಿದ ಪಾಲು ಎಲ್ಲಿ ಹುಟ್ಟಿದೆ ನೋಡಿದ್ರೆ, ಮನುಷ್ಯನ ಕೈಯಲ್ಲಿ ಕಂಟ್ರೋಲ್ ಇಲ್ಲದ ಕಡೆ: ಹಾಲು ಬೆಣ್ಣೆ, ಸಮುದ್ರ, ಹಸುಗೂಸು, ಸಾವು.

ಕೋಟೆಗಳು ಮತ್ತು ಒಂಟಿ ಮರ

ಐರ್ಲೆಂಡಿನ ಹೊಲಗಳಲ್ಲಿ ದುಂಡಗೆ ಮಣ್ಣಿನ ದಿಬ್ಬ, ಅದರ ಸುತ್ತ ಕಂದಕ, ಒಳಗೆ ಪೊದೆ ಬೆಳೆದಿರೋ ಜಾಗಗಳು ಎಲ್ಲಿ ನೋಡಿದ್ರೂ ಸಿಗ್ತಾವೆ. ಇವನ್ನ ಫೇರಿ ಫೋರ್ಟ್ ಅಂತಾರೆ. ಪುರಾತತ್ವದವರು ರಿಂಗ್‌ಫೋರ್ಟ್ ಅಂತಾರೆ, ಅವರ ಪ್ರಕಾರ ಇವು ಹೆಚ್ಚಾಗಿ ಕ್ರಿ.ಶ. 500ರಿಂದ 1000ದ ನಡುವಿನ ರೈತರ ಮನೆಗಳು, ದನಗಳನ್ನ ಕಳ್ಳರಿಂದ ತೋಳಗಳಿಂದ ಕಾಪಾಡೋಕೆ ಸುತ್ತ ದಿಬ್ಬ ಹಾಕ್ಕೊಂಡಿದ್ರು. ದೇಶದಲ್ಲಿ ಇಂಥವು 45,000ದಷ್ಟು ಇದಾವೆ ಅಂತ ಅಂದಾಜು. ಕೆಲವದರ ಕೆಳಗೆ ಕಲ್ಲಿನ ಸುರಂಗಗಳೂ ಇದಾವೆ, ಸಾಮಾನು ಇಡೋಕೆ, ಬಚ್ಚಿಟ್ಕೊಳ್ಳೋಕೆ ಮಾಡ್ಕೊಂಡಿದ್ದು. ಅಲ್ಲಿದ್ದ ಜನ ಹೋಗಿ ನೂರಾರು ವರ್ಷ ಆದ್ಮೇಲೆ, ಯಾರು ಕಟ್ಟಿದ್ದು ಅನ್ನೋ ನೆನಪು ಅಳಿಸಿದ್ಮೇಲೆ, ದನ ಮೇಯಿಸೋ ಹುಡುಗನ ಕಣ್ಣಿಗೆ ಆ ದುಂಡು ದಿಬ್ಬದ ಕೆಳಗೆ ಒಂದು ಕತ್ತಲೆ ಬಾಗಿಲು ಕಂಡ್ರೆ ಅವನು ಇನ್ನೇನು ಅಂದ್ಕೋಬೇಕು?

ಈ ದಿಬ್ಬ ನೆಲಸಮ ಮಾಡಿದ್ರೆ, ಅಲ್ಲಿನ ಮರ ಕಡಿದ್ರೆ, ದನ ಸಾಯತ್ತೆ, ಮನೆಯವರಿಗೆ ಕಾಯಿಲೆ ಬರತ್ತೆ ಅನ್ನೋ ಭಯ ಗಟ್ಟಿಯಾಗಿತ್ತು. ಸ್ಮಾರಕಗಳ ರಕ್ಷಣೆಗೆ 1930ರಲ್ಲಿ ಕಾನೂನು ಬಂತು, ಆದ್ರೆ ಅದಕ್ಕೂ ಮುಂಚೆ ಶತಮಾನಗಳ ಕಾಲ ಈ ಜಾಗಗಳನ್ನ ನೇಗಿಲಿಂದ ಕಾಪಾಡಿದ್ದರಲ್ಲಿ ಈ ಭಯದ ಪಾಲು ದೊಡ್ಡದು. ನನಗಂತೂ ಇಡೀ ವಿಷಯದಲ್ಲಿ ಇದೇ ತುಂಬಾ ಹಿಡಿಸಿದ್ದು. 2017ರಲ್ಲೂ ಕೆರ್ರಿ ಕಡೆಯ ಡ್ಯಾನಿ ಹೀಲಿ-ರೇ ಅನ್ನೋ ಎಂಪಿ, ಅವರ ಕಡೆಯ ಎನ್22 ರಸ್ತೆ ರಿಪೇರಿ ಮಾಡಿದ್ರೂ ಮತ್ತೆ ಕುಸೀತಿರೋದಕ್ಕೆ ಸುತ್ತ ಇರೋ ಫೇರಿ ಫೋರ್ಟ್‌ಗಳೇ ಕಾರಣ ಅಂತ ಓಪನ್ನಾಗಿ ಹೇಳಿದ್ರು. ಅವರದು ನೆಲ ಅಗೆಯೋ ಮಷಿನ್‌ಗಳ ಬಿಸಿನೆಸ್ಸೇ, ಆದ್ರೂ ಉಪವಾಸ ಬಿದ್ರೂ ಫೇರಿ ಫೋರ್ಟಿಗೆ ಕೈ ಹಾಕಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು.

ಹಾಥಾರ್ನ್ ವಿಷಯ ಸ್ವಲ್ಪ ಬೇರೆ. ಎಲ್ಲಾ ಹಾಥಾರ್ನೂ ಫೇರಿ ಮರ ಅಲ್ಲ, ಬೇಲಿ ಪೂರ್ತಿ ಅದೇ ಇರತ್ತೆ, ಅದನ್ನ ಆರಾಮಾಗಿ ಕತ್ತರಿಸ್ತಾರೆ. ಯಾರೂ ನೆಡದೆ ಹೊಲದ ಮಧ್ಯೆ ಒಂಟಿಯಾಗಿ ನಿಂತಿರತ್ತಲ್ಲ, ಅದು ಅವರದ್ದು. ಇನ್ನು ಅದರ ಹೂವನ್ನ ಮನೆಯೊಳಗೆ ತಂದ್ರೆ ಸಾವು ಅಂತ ಒಂದು ನಂಬಿಕೆ ಇದೆ. ಹಾಥಾರ್ನ್ ಹೂವಲ್ಲಿ ಟ್ರೈಮೀಥೈಲಮೀನ್ ಅನ್ನೋ ರಾಸಾಯನಿಕ ಇರತ್ತೆ, ಮಾಂಸ ಕೊಳೆಯೋಕೆ ಶುರುವಾದಾಗಲೂ ಅದೇ ಹುಟ್ಟತ್ತೆ. ಹೆಣವನ್ನ ಮನೇಲೇ ಇಟ್ಕೊಂಡು ರಾತ್ರಿಯಿಡೀ ಕಾಯ್ತಿದ್ದ ಜನಕ್ಕೆ ಆ ವಾಸನೆ ಚೆನ್ನಾಗಿ ಗೊತ್ತಿತ್ತು.

ನೀರು ಚೆಲ್ಲೋಕೆ ಮುಂಚೆ ಒಂದು ಕೂಗು

ಕಾಲು ತೊಳೆದ ನೀರನ್ನ ರಾತ್ರಿ ಮನೆಯೊಳಗೆ ಇಟ್ಕೋಬಾರದು, ಹೊರಗೆ ಚೆಲ್ಲಬೇಕು, ಆದ್ರೆ ಚೆಲ್ಲೋಕೆ ಮುಂಚೆ ಹುಷಾರು ಅಂತ ಕೂಗಬೇಕು, ಕತ್ತಲಲ್ಲಿ ಅವರು ಓಡಾಡ್ತಿರ್ತಾರೆ, ಮೈಮೇಲೆ ಬಿದ್ರೆ ಸಿಟ್ಟಾಗ್ತಾರೆ. ಹೊಸ ಮನೆ ಕಟ್ಟೋಕೆ ಮುಂಚೆ ನಾಲ್ಕು ಮೂಲೆಗೆ ಕಲ್ಲೋ ಕೋಲೋ ಇಟ್ಟು ಒಂದು ರಾತ್ರಿ ಬಿಡೋರು, ಬೆಳಿಗ್ಗೆ ಅವು ಅಲುಗಾಡಿದ್ರೆ ಅದು ಫೇರಿಗಳ ಓಡಾಟದ ದಾರಿ ಅಂತ ಜಾಗ ಬದಲಾಯಿಸೋರು. ಇರೋ ಮನೆಗೆ ಪಶ್ಚಿಮದ ಕಡೆ ರೂಮ್ ಸೇರಿಸಬಾರದು ಅಂತ ಇನ್ನೊಂದಿತ್ತು. ಐರ್ಲೆಂಡಿಗೆ ಗಾಳಿ ಮಳೆ ಜಾಸ್ತಿ ಬರೋದು ಅಟ್ಲಾಂಟಿಕ್ ಇರೋ ಪಶ್ಚಿಮದಿಂದಾನೇ, ಹಾಗಾಗಿ ಕಟ್ಟಡದ ಲೆಕ್ಕದಲ್ಲೂ ಇದು ಕೆಟ್ಟ ಸಲಹೆ ಏನಲ್ಲ, ಆದ್ರೆ ಹಳಬರು ಹೇಳ್ತಿದ್ದ ಕಾರಣ ಮಳೆ ಅಲ್ಲ, ಅದು ಅವರ ದಾರಿ ಅನ್ನೋದು.

ಗೊತ್ತಿರೋ ಹೊಲದಲ್ಲೇ ರಾತ್ರಿ ದಾರಿ ತಪ್ಪಿ, ಗೇಟ್ ಎಲ್ಲಿದೆ ಅಂತಾನೇ ಗೊತ್ತಾಗದೆ ಸುತ್ತಿದಲ್ಲೇ ಸುತ್ತೋದು ಇನ್ನೊಂದು. ದಾರಿ ತಪ್ಪಿಸೋ ಹುಲ್ಲುಹೆಂಟೆ ತುಳಿದಿದ್ದೀರಾ ಅಂತ ಅರ್ಥ, ಅದಕ್ಕೆ ಪರಿಹಾರ ಕೋಟನ್ನ ಬಿಚ್ಚಿ ಉಲ್ಟಾ ಹಾಕ್ಕೊಳ್ಳೋದು, ಆಗ ಅವರಿಗೆ ನಿಮ್ಮ ಗುರುತು ಸಿಗಲ್ಲ.

ಬೆಣ್ಣೆ ಕದಿಯೋರು

ಇದನ್ನ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ದುಡ್ಡಿನ ವಿಷಯ. ಹಳೇ ಐರ್ಲೆಂಡಲ್ಲಿ ಎಷ್ಟೋ ಸಣ್ಣ ರೈತರಿಗೆ ಬೆಣ್ಣೆ ಅಂದ್ರೆ ಊಟಕ್ಕಿಂತ ಹೆಚ್ಚಾಗಿ ಗೇಣಿ ಕಟ್ಟೋ ದುಡ್ಡು. ಕಾರ್ಕ್ ನಗರದ ಬೆಣ್ಣೆ ಮಾರ್ಕೆಟ್ 19ನೇ ಶತಮಾನದಲ್ಲಿ ಪ್ರಪಂಚದಲ್ಲೇ ದೊಡ್ಡದಾಗಿತ್ತು. ಆದ್ರೆ ಕೆನೆ ಕಡೆಯೋದು ನಂಬಿಕೆ ಇಡೋ ಕೆಲಸ ಅಲ್ಲ. ಚಳಿ ಸ್ವಲ್ಪ ಹೆಚ್ಚಾದ್ರೆ, ಹಸು ಕರು ಹಾಕಿ ತುಂಬಾ ತಿಂಗಳಾಗಿದ್ರೆ, ಕೆಚ್ಚಲು ಬಾವು ಇದ್ರೆ, ಪಾತ್ರೆ ಕ್ಲೀನಿಲ್ಲದಿದ್ರೆ ಗಂಟೆಗಟ್ಟಲೆ ಕಡೆದ್ರೂ ಬೆಣ್ಣೆ ಬರಲ್ಲ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ, ನಿಮ್ಮನೇಲಿ ಬೆಣ್ಣೆ ಬರ್ತಿಲ್ಲ ಪಕ್ಕದ್ಮನೇಲಿ ಚೆನ್ನಾಗಿ ಬರ್ತಿದೆ ಅಂದ್ರೆ ಜನ ಏನಂದ್ಕೊಳ್ತಾರೆ? ನಮ್ದು ಅವ್ರು ತಗೊಂಡ್ರು ಅಂತ.

ಇಲ್ಲಿಂದ ಪಿಶೋಗ್ ಅನ್ನೋದು ಬರತ್ತೆ. ಈ ಪದಕ್ಕೆ ಸಾಮಾನ್ಯವಾಗಿ ಮೂಢನಂಬಿಕೆ ಅಂತಾನೇ ಅರ್ಥ, ಆದ್ರೆ ದಕ್ಷಿಣದ ಕೌಂಟಿಗಳಲ್ಲಿ ಮಾಟ ಅನ್ನೋ ಅರ್ಥವೂ ಇದೆ: ಆಗದವರು ನಿಮ್ಮ ಹುಲ್ಲುಮೆದೆಯಲ್ಲೋ ಹೊಲದಲ್ಲೋ ಮೊಟ್ಟೆ ಅಥವಾ ಮಾಂಸದ ತುಂಡು ಬಚ್ಚಿಡ್ತಾರೆ, ಅದು ಕೊಳೀತಾ ಹೋದ ಹಾಗೆ ನಿಮ್ಮ ಅದೃಷ್ಟ ಅವರ ಕಡೆ ಹೋಗತ್ತೆ. ಸಿಕ್ಕಿದ್ರೆ ಬರಿಗೈಲಿ ಮುಟ್ಟದೆ ಸುಡೋರು, ಪವಿತ್ರ ಜಲ ಚಿಮುಕಿಸೋರು.

ಅಪಾಯದ ದಿನ ಮೇ 1. ಬೇಸಿಗೆ ಶುರು, ಹೊಸ ಹುಲ್ಲು, ಹಾಲಿನ ಸೀಸನ್ ಶುರು, ಅಂದ್ರೆ ಇಡೀ ವರ್ಷದ ಆದಾಯ ಅವತ್ತಿಂದ. ಅವತ್ತು ಮನೆಯಿಂದ ಹಾಲು, ಉಪ್ಪು, ಕೆಂಡ ಯಾವುದನ್ನೂ ಹೊರಗೆ ಕೊಡ್ತಿರ್ಲಿಲ್ಲ, ಅದರ ಜೊತೆ ವರ್ಷದ ಅದೃಷ್ಟಾನೂ ಹೋಗತ್ತೆ ಅಂತ. ಕೆಲವು ಹೆಂಗಸರು ಬೆಳಗಿನ ಜಾವ ಬೇರೆಯವರ ಹೊಲದ ಇಬ್ಬನಿ ಮೇಲೆ ಬಟ್ಟೆ ಎಳೆದು ಅವರ ಬೆಣ್ಣೆ ಕದೀತಾರೆ, ಇನ್ನು ಕೆಲವರು ಮೊಲದ ರೂಪದಲ್ಲಿ ಬಂದು ಹಸುವಿನ ಹಾಲು ಕುಡೀತಾರೆ ಅಂತ ನಂಬ್ತಿದ್ರು. ಈ ಮೊಲದ ಕಥೆಯನ್ನ 1180ರ ದಶಕದಲ್ಲೇ ವೇಲ್ಸ್‌ನ ಜೆರಾಲ್ಡ್ ಅನ್ನೋ ಪಾದ್ರಿ ಐರ್ಲೆಂಡ್ ಬಗ್ಗೆ ಬರೀತಾ ದಾಖಲು ಮಾಡಿದಾರೆ, ಅಂದ್ರೆ ಎಂಟು ಶತಮಾನಕ್ಕಿಂತ ಹಳೇದು. ರಕ್ಷಣೆಗೆ ಹೊಸ್ತಿಲ ಮೇಲೆ, ಕೊಟ್ಟಿಗೆ ಬಾಗಿಲಲ್ಲಿ ಹಳದಿ ಹೂ ಚೆಲ್ಲೋರು. ಯಾರಾದ್ರೂ ಬೆಣ್ಣೆ ಕಡೆಯುವಾಗ ಮನೆಗೆ ಬಂದ್ರೆ ಅವರೂ ಒಂದೆರಡು ಸಲ ಕಡೆದು ಹೋಗಲೇಬೇಕು, ಹಾಗೇ ಹೋದ್ರೆ ಅನುಮಾನ.

ಹೊಗಳೋದೇ ಅಪಾಯ

ನಾವು ದೃಷ್ಟಿ ಅನ್ನೋದು ಅಲ್ಲೂ ಇದೆ. ಮಗು ಮುದ್ದಾಗಿದೆ, ಕರು ಚೆನ್ನಾಗಿದೆ ಅಂತ ಹೊಗಳಿ, ಜೊತೆಗೆ 'ದೇವರು ಚೆನ್ನಾಗಿಟ್ಟಿರಲಿ' ಅನ್ನದೆ ಹೋದ್ರೆ ಆ ಮಗುಗೋ ಕರುಗೋ ಕೆಡುಕು. ಕೆಲಸ ಮಾಡ್ತಿರೋರನ್ನ ನೋಡಿದ್ರೂ 'ಕೆಲಸಕ್ಕೆ ದೇವರ ಆಶೀರ್ವಾದ ಇರಲಿ' ಅನ್ಬೇಕು. ಈಗಲೂ ವಯಸ್ಸಾದವರು ಮಗುನ ನೋಡಿದ ತಕ್ಷಣ ಗಾಡ್ ಬ್ಲೆಸ್ ಅನ್ನೋದು ಅಭ್ಯಾಸಕ್ಕಷ್ಟೇ ಅಲ್ಲ. ನೀವು ಕಲೀಗ್ ಮಗುನ ನೋಡೋಕೆ ಹೋದಾಗ ಅವರಜ್ಜಿ ಎದುರಿಗೆ ಈ ಎರಡು ಪದ ಹೇಳಿ, ಮುಖ ಅರಳತ್ತೆ.

ಮಗುವಿನ ಭಯ ಇಷ್ಟಕ್ಕೇ ನಿಲ್ಲಲ್ಲ. ಫೇರಿಗಳು ಚೆನ್ನಾಗಿರೋ ಮಗುನ, ಅದ್ರಲ್ಲೂ ಗಂಡುಮಗುನ ಎತ್ಕೊಂಡು ಹೋಗಿ ಅದರ ಜಾಗದಲ್ಲಿ ನರಳೋ ಒಂದನ್ನ ಬಿಟ್ಟು ಹೋಗ್ತಾರೆ, ಆ ಬದಲಿಗೆ ಚೇಂಜ್‌ಲಿಂಗ್ ಅಂತಾರೆ. ಅದಕ್ಕೇ ತೊಟ್ಟಿಲ ಮೇಲೆ ಒಲೆಯ ಕಬ್ಬಿಣದ ಇಕ್ಕಳ ಅಡ್ಡ ಇಡೋರು, ಕಬ್ಬಿಣ ಅವರಿಗೆ ಆಗಲ್ಲ. ಪಶ್ಚಿಮದ ಕಡೆ ಗಂಡುಹುಡುಗರಿಗೂ ಲಂಗ ಹಾಕ್ತಿದ್ರು, 20ನೇ ಶತಮಾನದ ಶುರುವಿನ ಫೋಟೋಗಳಲ್ಲಿ ಈಗಲೂ ನೋಡಬಹುದು. ಆರೋಗ್ಯವಾಗಿದ್ದ ಮಗು ಇದ್ದಕ್ಕಿದ್ದಂಗೆ ಸೊರಗಿ ಹೋಗೋದಕ್ಕೆ ಡಾಕ್ಟರ ಉತ್ತರ ಸಿಗದ ಕಾಲದಲ್ಲಿ ಇದೊಂದು ಉತ್ತರವಾಗಿತ್ತು.

ಈ ಉತ್ತರ ಎಷ್ಟು ಘೋರ ಆಗಬಹುದು ಅನ್ನೋದಕ್ಕೆ 1895ರ ಮಾರ್ಚ್‌ನಲ್ಲಿ ಟಿಪ್ಪರೆರಿ ಕೌಂಟಿಯ ಬಾಲಿವ್ಯಾಡ್ಲಿಯಲ್ಲಿ ನಡೆದದ್ದನ್ನ ಹೇಳಲೇಬೇಕು. ಬ್ರಿಜೆಟ್ ಕ್ಲಿಯರಿ, 26 ವರ್ಷ, ಬಟ್ಟೆ ಹೊಲೀತಿದ್ರು, ಕೋಳಿ ಸಾಕಿ ಸ್ವಂತ ದುಡಿಮೆ ಮಾಡ್ತಿದ್ರು. ಹುಷಾರು ತಪ್ಪಿದ್ರು. ಡಾಕ್ಟರೂ ಬಂದು ನೋಡಿದ್ರು, ಪಾದ್ರಿಯೂ ಬಂದ್ರು. ಆದ್ರೆ ಗಂಡ ಮೈಕಲ್, ಇವಳು ನನ್ನ ಹೆಂಡತಿ ಅಲ್ಲ, ಫೇರಿಗಳು ಬದಲಾಯಿಸಿ ಬಿಟ್ಟಿರೋಳು ಅಂತ ಹಠ ಹಿಡಿದ. ಸಂಬಂಧಿಕರು ಆಕೆನ ಹಿಡ್ಕೊಂಡು ಬಲವಂತವಾಗಿ ಗಿಡಮೂಲಿಕೆ ಕುಡಿಸಿದ್ರು, ನೀನು ಬ್ರಿಜೆಟ್ಟೇನಾ ಅಂತ ದೇವರ ಹೆಸರಲ್ಲಿ ಪದೇ ಪದೇ ಕೇಳಿದ್ರು, ಕೊನೆಗೆ ಗಂಡ ಆಕೆನ ಬೆಂಕಿಗೆ ಒಡ್ಡಿ ಸುಟ್ಟ. ಆಮೇಲೆ ಹತ್ತಿರದ ಫೇರಿ ಫೋರ್ಟಿಂದ ನಿಜವಾದ ಹೆಂಡತಿ ಬಿಳಿ ಕುದುರೆ ಮೇಲೆ ಬರ್ತಾಳೆ ಅಂತ ಕಾಯ್ತಿದ್ದ. ಕೋರ್ಟು 20 ವರ್ಷ ಶಿಕ್ಷೆ ಕೊಡ್ತು, 15 ವರ್ಷ ಆದ್ಮೇಲೆ ಬಿಡುಗಡೆ ಆದ. ಲಂಡನ್ ಪತ್ರಿಕೆಗಳಲ್ಲಿ ಕೆಲವು ಇದನ್ನ ಹಿಡ್ಕೊಂಡು ಐರಿಶ್ ಜನ ಸ್ವಂತ ಆಡಳಿತಕ್ಕೆ ಲಾಯಕ್ಕಿಲ್ಲ ಅಂತ ವಾದ ಮಾಡಿದ್ವು. ಆ ವಾದ ಅನ್ಯಾಯ, ಆದ್ರೆ ಆ ಹೆಣ್ಣಿಗಾದದ್ದನ್ನ ಜಾನಪದ ಅಂತ ಮುದ್ದಾಗಿ ಹೇಳೋದೂ ಅಷ್ಟೇ ಅನ್ಯಾಯ.

ಹಕ್ಕಿ, ಕೆಂಪು ಕೂದಲು, ಸಮುದ್ರ

ಸಲ್ಯೂಟ್ ವಿಷಯಕ್ಕೆ ಬರೋಣ. ಮ್ಯಾಗ್‌ಪೈ ಅಂದ್ರೆ ಕಾಗೆ ಕುಟುಂಬದ ಕಪ್ಪು ಬಿಳುಪಿನ ಉದ್ದ ಬಾಲದ ಹಕ್ಕಿ. ಒಂದು ಕಂಡ್ರೆ ದುಃಖ, ಎರಡು ಕಂಡ್ರೆ ಖುಷಿ ಅಂತ ಮಕ್ಕಳ ಪದ್ಯ ಇದೆ. ಒಂದೇ ಕಂಡ್ರೆ ಕೈ ಎತ್ತಿ ಸಲ್ಯೂಟ್ ಹೊಡೀತಾರೆ, ಇಲ್ಲ ನಮಸ್ಕಾರ ಹೇಳಿ ಹೆಂಡತಿ ಹೇಗಿದಾರೆ ಅಂತ ಕೇಳ್ತಾರೆ, ಅಂದ್ರೆ ಜೋಡಿ ಇಲ್ಲೇ ಎಲ್ಲೋ ಇದೆ ಅಂತ ಲೆಕ್ಕ. ಮಜಾ ಏನಂದ್ರೆ ಈ ಹಕ್ಕಿ ಐರ್ಲೆಂಡಲ್ಲಿ ಮೊದಲಿಂದ ಇದ್ದಿದ್ದೇ ಅಲ್ಲ, 17ನೇ ಶತಮಾನದ ಕೊನೆ ಭಾಗದಲ್ಲಿ ಆಗ್ನೇಯ ಮೂಲೆಯ ವೆಕ್ಸ್‌ಫರ್ಡ್ ಕಡೆ ಬಂದಿದ್ದು, ಪದ್ಯಾನೂ ಬ್ರಿಟನ್ನಿನ ಕಡೆದೇ. ಹಾಗಾಗಿ ಎಲ್ಲ ನಂಬಿಕೇನೂ ಸಾವಿರಾರು ವರ್ಷದ್ದು ಅಂತ ಅಂದ್ಕೋಬೇಡಿ. ರಾಬಿನ್ ಹಕ್ಕಿ ಮನೆಯೊಳಗೆ ಬಂದ್ರೆ ಸಾವು ಅನ್ನೋದೂ ಇದೆ, ಅದನ್ನ ಕೊಂದ್ರಂತೂ ಕಷ್ಟ ತಪ್ಪಲ್ಲ.

ಮೀನುಗಾರರ ಶಕುನ ಇನ್ನೂ ಗಟ್ಟಿ. ಬೋಟಿಗೆ ಹೋಗ್ತಾ ದಾರೀಲಿ ಕೆಂಪು ಕೂದಲಿನ ಹೆಂಗಸು ಎದುರಾದ್ರೆ ಮನೆಗೆ ವಾಪಸ್. ಬೋಟಲ್ಲಿ ಹಂದಿ, ನರಿ, ಪಾದ್ರಿ ಹೆಸರು ಎತ್ತಬಾರದು. ದಡ ಬಿಡುವಾಗ ಬೋಟನ್ನ ಸೂರ್ಯ ಹೋಗೋ ದಿಕ್ಕಲ್ಲೇ ತಿರುಗಿಸಬೇಕು, ಅಂದ್ರೆ ಪ್ರದಕ್ಷಿಣೆ ದಿಕ್ಕು. ದೇಶದ ಮೂರು ಸಾವಿರದಷ್ಟು ಪವಿತ್ರ ಬಾವಿಗಳ ಸುತ್ತ ಸುತ್ತು ಹಾಕೋದೂ ಇದೇ ದಿಕ್ಕಲ್ಲಿ.

ಸಾವಿನ ಸುತ್ತ

ಬ್ಯಾನ್‌ಶೀ ಅಂದ್ರೆ ಸಾವು ಬರೋಕೆ ಮುಂಚೆ ಮನೆ ಹತ್ತಿರ ಅಳೋ ಹೆಣ್ಣು. ಸಿನಿಮಾದವರು ಇವಳನ್ನ ದೆವ್ವ ಮಾಡಿಬಿಟ್ಟಿದಾರೆ, ನಿಜಕ್ಕೂ ಇವಳು ಯಾರನ್ನೂ ಸಾಯಿಸಲ್ಲ, ಸುದ್ದಿ ಕೊಡ್ತಾಳೆ ಅಷ್ಟೇ. ಅದೂ ಎಲ್ಲರಿಗೂ ಅಲ್ಲ, ಹೆಸರಿನ ಮುಂದೆ ಓ ಅಥವಾ ಮ್ಯಾಕ್ ಇರೋ ಹಳೇ ಮನೆತನಗಳಿಗೆ ಅಂತ ಹೇಳ್ತಾರೆ, ಅವಳು ಆ ವಂಶದ ಹಿರಿಯಳ ಥರ. ಐರ್ಲೆಂಡಲ್ಲಿ ಹೆಣದ ಮುಂದೆ ಹಾಡಿ ಅಳೋ ಹೆಂಗಸರ ಪದ್ಧತಿ ನಿಜವಾಗಿಯೂ ಇತ್ತು, ಬ್ಯಾನ್‌ಶೀ ಅದರದೇ ನೆರಳು. ಕೂಗು ಕೇಳಿದ್ದು ನಿಜಾನಾ ಅಂದ್ರೆ, ಪಾಳುಬಿದ್ದ ಕಟ್ಟಡಗಳಲ್ಲಿ ಇರೋ ಕಣಜದ ಗೂಬೆ ರಾತ್ರಿ ಚೀರೋದು, ಹೆಣ್ಣುನರಿ ಕೂಗೋದು ಎರಡೂ ಮೈ ಜುಮ್ಮೆನ್ನಿಸೋ ಹಾಗೆ ಹೆಂಗಸಿನ ಕಿರುಚಾಟದ ಥರಾನೇ ಇರತ್ತೆ. ಅವಳು ಕೂದಲು ಬಾಚ್ತಾ ಕೂತಿರ್ತಾಳಂತೆ, ಅದಕ್ಕೇ ನೆಲದ ಮೇಲೆ ಬಿದ್ದಿರೋ ಬಾಚಣಿಗೆ ಎತ್ಕೋಬಾರದು, ಅವಳದಾಗಿದ್ರೆ ಹುಡುಕ್ಕೊಂಡು ಬರ್ತಾಳೆ.

ಸಾವಾದ ಮನೇಲಿ ಗಡಿಯಾರ ನಿಲ್ಲಿಸ್ತಾರೆ, ಕನ್ನಡಿ ಮುಚ್ತಾರೆ, ಆತ್ಮ ಹೋಗೋಕೆ ಕಿಟಕಿ ತೆಗೀತಾರೆ, ಸ್ವಲ್ಪ ಹೊತ್ತಾದ್ಮೇಲೆ ಮತ್ತೆ ಹಾಕ್ತಾರೆ.

ಇದಕ್ಕಿಂತ ನನ್ನನ್ನ ಕಾಡಿದ್ದು ಹಸಿದ ಹುಲ್ಲು. ಬಯಲಲ್ಲೋ ಬೆಟ್ಟದ ದಾರೀಲೋ ಒಂದು ಕಡೆ ಕಾಲಿಟ್ರೆ ಇದ್ದಕ್ಕಿದ್ದಂಗೆ ಭಯಂಕರ ಹಸಿವು, ಕೈಕಾಲು ನಡುಕ, ಬಿದ್ದೇ ಹೋಗ್ತೀವಿ ಅನ್ನೋ ಸುಸ್ತು. ಅಲ್ಲೇ ಯಾರೋ ಹಸಿವಿಂದ ಸತ್ತಿದ್ದಾರೆ, ಅದಕ್ಕೆ ಆ ಹುಲ್ಲು ಹಸಿದಿದೆ ಅಂತ ಹೇಳ್ತಾರೆ. 1845ರಿಂದ 1852ರವರೆಗಿನ ಕ್ಷಾಮದಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಸುಮಾರು 10 ಲಕ್ಷ ಜನ ಸತ್ರು, ಅಷ್ಟೇ ಜನ ದೇಶ ಬಿಟ್ರು, ರಸ್ತೆ ಬದೀಲಿ ಸತ್ತವರಿಗೆ ಗೋರಿಯೂ ಇಲ್ಲ. ಇದಕ್ಕೆ ಪರಿಹಾರ ಜೇಬಲ್ಲಿ ಯಾವಾಗಲೂ ಒಂದು ತುಂಡು ಬ್ರೆಡ್ಡೋ ಓಟ್ಸ್ ರೊಟ್ಟಿಯೋ ಇಟ್ಕೊಂಡು ಹೊರಡೋದು. ಖಾಲಿ ಹೊಟ್ಟೇಲಿ ದೂರ ನಡೆದಾಗ ಶುಗರ್ ಲೋ ಆಗೋ ಲಕ್ಷಣಾನೂ ಇದೇ, ಬ್ರೆಡ್ ತಿಂದ್ರೆ ಸರಿ ಹೋಗೋದೂ ನಿಜ.

ಇದೆಲ್ಲ ದಾಖಲಾಗಿದ್ದು ಹೇಗೆ, ಈಗ ಎಷ್ಟು ಉಳಿದಿದೆ

ಸ್ವಾತಂತ್ರ್ಯ ಬಂದ ಮೇಲೆ 1935ರಲ್ಲಿ ಸರ್ಕಾರ ಜಾನಪದ ಆಯೋಗ ಮಾಡಿತು, ಶೇಮಸ್ ಓ ಡುಯಿಲಾರ್ಗಾ ಅದರ ಮುಖ್ಯಸ್ಥರು. ಅವರು ಮಾಡಿದ ಜಾಣ ಕೆಲಸ ಅಂದ್ರೆ 1937ರಿಂದ 1939ರ ತನಕ ಸುಮಾರು 5,000 ಪ್ರೈಮರಿ ಸ್ಕೂಲುಗಳ ಮಕ್ಕಳಿಗೆ, ಮನೇಲಿರೋ ಅಜ್ಜ ಅಜ್ಜಿ, ಅಕ್ಕಪಕ್ಕದ ಹಿರಿಯರ ಹತ್ರ ಕೇಳಿ ಬರ್ಕೊಂಡು ಬನ್ನಿ ಅಂತ ಕಳಿಸಿದ್ದು. 50,000ಕ್ಕೂ ಹೆಚ್ಚು ಮಕ್ಕಳು ಬರೆದದ್ದು ಸೇರಿ 7 ಲಕ್ಷ 40 ಸಾವಿರದಷ್ಟು ಪುಟ ಆಯ್ತು. ಆ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನ ಕ್ಷಾಮ ಕಂಡವರ ಮಕ್ಕಳು, ಇನ್ನೊಂದಿಪ್ಪತ್ತು ವರ್ಷ ತಡ ಮಾಡಿದ್ರೆ ಏನೂ ಸಿಗ್ತಿರ್ಲಿಲ್ಲ. 2017ರಲ್ಲಿ ಆಯೋಗದ ಸಂಗ್ರಹವನ್ನ ಯುನೆಸ್ಕೋ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಈಗಿನವರು ನಂಬ್ತಾರಾ ಅಂದ್ರೆ, ನೇರ ಕೇಳಿದ್ರೆ ಇಲ್ಲ ಅಂತಾರೆ, ಆದ್ರೆ ಒಂಟಿ ಹಾಥಾರ್ನ್ ಕಡಿಯೋಕೆ ಕೊಡಲಿ ಕೊಟ್ರೆ ಎಷ್ಟೋ ಜನ ಹಿಂದೆ ಸರೀತಾರೆ. ಮದುವೆ ಹಿಂದಿನ ರಾತ್ರಿ ಮಳೆ ಬರದಿರ್ಲಿ ಅಂತ ಬಾಲ ಯೇಸುವಿನ ಒಂದು ಮೂರ್ತಿನ ಹೊರಗೆ ಇಡೋದು ಈಗಲೂ ಇದೆ, ಅದರ ತಲೆ ತಾನಾಗೇ ಮುರಿದಿದ್ರೆ ಇನ್ನೂ ಒಳ್ಳೇದಂತೆ. ಹ್ಯಾಲೋವೀನ್ ಟೈಮಲ್ಲಿ ಅಂಗಡೀಲಿ ಸಿಗೋ ಬಾರ್ಮ್‌ಬ್ರ್ಯಾಕ್ ಅನ್ನೋ ಒಣದ್ರಾಕ್ಷಿ ಬ್ರೆಡ್ಡೊಳಗೆ ಒಂದು ಉಂಗುರ ಇರತ್ತೆ, ಯಾರ ತುಂಡಲ್ಲಿ ಸಿಗತ್ತೋ ಅವರಿಗೆ ಬೇಗ ಮದುವೆ, ಹಾಗಾಗಿ ಕಚ್ಚುವಾಗ ಹಲ್ಲು ಜೋಪಾನ. ಫೆಬ್ರವರಿ 1ರ ಸೇಂಟ್ ಬ್ರಿಜಿಡ್ ಹಬ್ಬಕ್ಕೆ 2023ರಿಂದ ಸರ್ಕಾರಿ ರಜೆ ಬಂದಿದೆ, ಹಿಂದಿನ ರಾತ್ರಿ ಒಂದು ತುಂಡು ಬಟ್ಟೆ ಹೊರಗೆ ಹಾಕಿ ಬೆಳಿಗ್ಗೆ ಎತ್ತಿಟ್ಕೊಂಡ್ರೆ ಅದಕ್ಕೆ ತಲೆನೋವು ವಾಸಿ ಮಾಡೋ ಗುಣ ಬರತ್ತೆ ಅಂತಾರೆ.

ಅಲ್ಲಿರೋರು ಹಿತ್ತಲಲ್ಲೋ ಹೊಲದಲ್ಲೋ ಒಂಟಿ ಮುಳ್ಳುಮರ ಕಂಡ್ರೆ ಓನರ್‌ನ ಕೇಳದೆ ಮುಟ್ಟೋಕೆ ಹೋಗಬೇಡಿ, ದಿಬ್ಬ ಇದ್ರಂತೂ ಕಾನೂನೂ ಬಿಡಲ್ಲ. ಮಕ್ಕಳು ಬರೆದ ಆ ಪುಟಗಳೆಲ್ಲ ದೂಖಸ್ ಅನ್ನೋ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗ್ತಾವೆ, ಊರಿನ ಹೆಸರು ಹಾಕಿ ಹುಡುಕಬಹುದು. ನೀವು ಬಾಡಿಗೆಗಿರೋ ಏರಿಯಾ ಹೆಸರು ಟೈಪ್ ಮಾಡಿದ್ರೆ ಅಲ್ಲಿನ ಬಾವಿ, ದಿಬ್ಬ, ಮರದ ಬಗ್ಗೆ 1938ರಲ್ಲಿ ಒಂದು ಮಗು ಪೆನ್ನಲ್ಲಿ ಬರೆದಿರೋ ಪುಟ ಸಿಗೋ ಸಾಧ್ಯತೆ ಚೆನ್ನಾಗಿದೆ.